ಸೈಬರ್ ಸೆಕ್ಯುರಿಟಿ ಡಿಗ್ರಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸಿಇಟಿ ಆಪ್ಷನ್ ಎಂಟ್ರಿ ಹತ್ತಿರ ಬಂದಂತೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ತಿರುಗುತ್ತಿವೆ. ಒಂದೇ ತೆರನಾದ ಪ್ರಶ್ನೆಗಳನ್ನು ಸೇರಿಸಿ, ಉದ್ದದವನ್ನು ಮೊಟಕುಗೊಳಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ರ‍್ಯಾಂಕಿಗೆ ಹೊಸದಾಗಿ ಶುರುವಾದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ – ಸೈಬರ್ ಸೆಕ್ಯುರಿಟಿ ಸಿಗಬಹುದು. ಹಳೆಯ, ಹೆಸರಿರುವ ಇನ್ನೊಂದು ಕಾಲೇಜಿನಲ್ಲಿ ಇನ್ಫರ್ಮೇಷನ್ ಸೈನ್ಸ್ ಸಿಗಬಹುದು. ಸೆಕ್ಯುರಿಟಿಯಲ್ಲೇ ಕೆಲಸ ಮಾಡುವ ಆಸೆ. ಯಾವುದನ್ನು ಮೇಲೆ ಹಾಕಲಿ?
– ದ್ವಿತೀಯ ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಹಳೆಯ ಕಾಲೇಜಿನ ಇನ್ಫರ್ಮೇಷನ್ ಸೈನ್ಸನ್ನೇ ಮೇಲೆ ಹಾಕಿ. ಕಾರಣ ನಿಮಗೇ ಕಾಣಬೇಕೆಂದರೆ ಹೀಗೆ ಮಾಡಿ. ವಿಟಿಯು ಜಾಲತಾಣದಿಂದ ಎರಡೂ ಬ್ರಾಂಚಿನ ‘ಸ್ಕೀಮ್ ಆಫ್ ಟೀಚಿಂಗ್’ ಪ್ರಿಂಟ್ ತೆಗೆದು ಪಕ್ಕಪಕ್ಕ ಇಡಿ. ಎರಡರಲ್ಲೂ ಇರುವ ಪೇಪರನ್ನು ಪೆನ್ಸಿಲಿನಲ್ಲಿ ಹೊಡೆದುಹಾಕುತ್ತಾ ಹೋಗಿ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್ ಎಲ್ಲ ಹೋಗಿಬಿಡುತ್ತವೆ. ಬಿಇ ಪದವಿಗೆ ಒಟ್ಟು 160 ಕ್ರೆಡಿಟ್. ಅದರಲ್ಲಿ ‘ಸೈಬರ್’ ಎಂಬ ಹೆಸರು ಹೊತ್ತು ಉಳಿಯುವುದು ಕೊನೆಯ ಎರಡು ವರ್ಷದ ಕೆಲವೇ ಪೇಪರ್‌ಗಳು. ಅವುಗಳಲ್ಲೂ ಹಲವನ್ನು ಇನ್ಫರ್ಮೇಷನ್ ಸೈನ್ಸಿನವರು ಎಲೆಕ್ಟಿವ್ ಆಗಿ ತೆಗೆದುಕೊಳ್ಳಬಹುದು.

ಹೊಸ ಬ್ರಾಂಚಿನ ನಿಜವಾದ ತೊಂದರೆ ಸಿಲಬಸ್ಸಿನದ್ದಲ್ಲ, ಕಲಿಸುವವರದ್ದು. ಕಾಲೇಜಿಗೆ ಹೋದಾಗ ಕಟ್ಟಡ ನೋಡಬೇಡಿ, ಮೂರು ಮಾತು ಕೇಳಿ. ಕ್ರಿಪ್ಟೋಗ್ರಫಿ (ಗೂಢಲಿಪಿ ಶಾಸ್ತ್ರ) ಮತ್ತು ನೆಟ್‌ವರ್ಕ್ ಪೇಪರನ್ನು ಈ ವರ್ಷ ಯಾರು ತೆಗೆದುಕೊಳ್ಳುತ್ತಿದ್ದಾರೆ? ಲ್ಯಾಬಿನ ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳು ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿಕೊಳ್ಳಲು ಬಿಡುತ್ತೀರಾ? ಕಳೆದ ವರ್ಷ ಇಂಟರ್ನ್‌ಷಿಪ್ ಎಲ್ಲಿ ಮಾಡಿದರು? ಎರಡನೆಯ ಪ್ರಶ್ನೆಗೆ ‘ಅದೆಲ್ಲ ಬ್ಲಾಕ್ ಮಾಡಿದ್ದೀವಿ’ ಎಂಬ ಉತ್ತರ ಬಂದರೆ ಅಲ್ಲಿಗೆ ಸೆಕ್ಯುರಿಟಿ ಕಲಿಕೆ ಕಾಗದದ ಮೇಲಷ್ಟೇ.

ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಮುಂದೆ ಸರ್ಕಾರಿ ಅಥವಾ ಸಾರ್ವಜನಿಕ ಉದ್ದಿಮೆಯ ಹುದ್ದೆಗೆ ಅರ್ಜಿ ಹಾಕುವಾಗ ಅಧಿಸೂಚನೆಯಲ್ಲಿ ಬ್ರಾಂಚುಗಳ ಹೆಸರಿನ ಪಟ್ಟಿ ಇರುತ್ತದೆ. ಉದ್ದನೆಯ ಹೊಸ ಹೆಸರಿನ ಬ್ರಾಂಚು ಆ ಪಟ್ಟಿಯಲ್ಲಿಲ್ಲದಿದ್ದರೆ ತತ್ಸಮಾನ ಪ್ರಮಾಣಪತ್ರಕ್ಕಾಗಿ ಓಡಾಡಬೇಕಾದೀತು. ಆ ದಾರಿ ಮನಸ್ಸಿನಲ್ಲಿದ್ದರೆ ಹಳೆಯ ಅಧಿಸೂಚನೆಗಳನ್ನು ಈಗಲೇ ತೆರೆದು ನೋಡಿ.

ಆಪ್ಷನ್ ಎಂಟ್ರಿಯಲ್ಲಿ ‘ಇದು ಬರುತ್ತೋ ಇಲ್ಲವೋ’ ಎಂಬ ಲೆಕ್ಕಾಚಾರ ಬೇಡ. ಕೆಇಎ ತಂತ್ರಾಂಶ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡಿ, ರ‍್ಯಾಂಕಿಗೆ ಮೊದಲು ಹೊಂದಿದ್ದನ್ನು ಕೊಡುತ್ತದೆ. ಬಾರದ್ದನ್ನು ಮೇಲೆ ಹಾಕಿದರೆ ನಷ್ಟವಿಲ್ಲ. ಬೇಡದ್ದನ್ನು ಮೇಲೆ ಹಾಕಿದರೆ ಅದೇ ಸಿಗುತ್ತದೆ. ಸೀಟು ಬಂದ ಮೇಲೆ ಚಾಯ್ಸ್ 2 ಒತ್ತಿದರೆ ಸಿಕ್ಕಿದ್ದು ಕೈಯಲ್ಲಿರುತ್ತದೆ, ಮುಂದಿನ ಸುತ್ತಿಗೂ ಹೋಗಬಹುದು. ಚಾಯ್ಸ್ 3 ಎಂದರೆ ಸಿಕ್ಕಿದ್ದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ಈ ಎರಡರ ನಡುವೆ ಗಲಿಬಿಲಿಯಾಗಿ ಸೀಟು ಕಳೆದುಕೊಳ್ಳಬೇಡಿ.

ಪ್ರಶ್ನೆ: ಮಗಳು ಪಿಯುಸಿ ಕಾಮರ್ಸ್. ಸೈಬರ್ ಸೆಕ್ಯುರಿಟಿ ಬಿಸಿಎ ಮಾಡುತ್ತೇನೆ ಎನ್ನುತ್ತಾಳೆ. ಎಂಜಿನಿಯರಿಂಗ್ ಮಾಡಿದವರ ಎದುರು ಇದಕ್ಕೆ ಬೆಲೆ ಇದೆಯೇ?
– ತಂದೆ, ದಾವಣಗೆರೆ

ಉತ್ತರ: ಇದೆ, ಆದರೆ ಅವಳು ಯಾವ ಬಾಗಿಲಿನಿಂದ ಒಳಗೆ ಹೋಗುತ್ತಾಳೆ ಎಂಬುದು ಮುಖ್ಯ. ರಾಜ್ಯ ಸರ್ಕಾರ 2024–25ರಿಂದ ಪದವಿಯನ್ನು ಮತ್ತೆ ಮೂರು ವರ್ಷಕ್ಕೆ ತಂದಿದೆ; ಮೇಲೆ ಎರಡು ವರ್ಷದ ಎಂಸಿಎ ಸೇರಿಸಿದರೆ ಐದು ವರ್ಷ. ಬಿಸಿಎ ಈಗ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ವ್ಯಾಪ್ತಿಗೂ ಬಂದಿದೆ. ಸೇರುವ ಕಾಲೇಜಿಗೆ ಆ ಅನುಮೋದನೆ ಇದೆಯೇ, ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು ಎಂದು ಪ್ರಾಸ್ಪೆಕ್ಟಸ್ಸಿನಲ್ಲಿ ನೋಡಿ. ಕೆಲವೆಡೆ ‘ಸೈಬರ್ ಸೆಕ್ಯುರಿಟಿ’ ಎಂಬುದು ಪದವಿಯ ಹೆಸರಲ್ಲ, ಹೊರಗಿನ ತರಬೇತಿ ಸಂಸ್ಥೆಯೊಂದು ಹೆಚ್ಚುವರಿ ಶುಲ್ಕಕ್ಕೆ ಕೊಡುವ ಸರ್ಟಿಫಿಕೇಟು ಮಾತ್ರ. ಮಾರ್ಕ್ಸ್ ಕಾರ್ಡಿನ ಮೇಲೆ ಏನೆಂದು ಬರುತ್ತದೆ ಎಂದು ನೇರವಾಗಿ ಕೇಳಿ.

ಕಾಮರ್ಸ್ ಓದಿದವರಿಗೆ ಈ ಕ್ಷೇತ್ರದಲ್ಲಿ ಒಂದು ಅನುಕೂಲವಿದೆ. ಸೆಕ್ಯುರಿಟಿ ಎಂದರೆ ಹ್ಯಾಕಿಂಗ್ ಒಂದೇ ಅಲ್ಲ. ಆಡಿಟ್, ಅಪಾಯದ ಲೆಕ್ಕ, ನಿಯಮಪಾಲನೆಯೂ ಅದರ ದೊಡ್ಡ ಪಾಲು. ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 27001ರ 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳಿವೆ: ಕೆಲಸ ಬಿಟ್ಟವರ ಲಾಗಿನ್ ತೆಗೆದುಹಾಕಿದ್ದೀರಾ, ಬ್ಯಾಕಪ್ ತೆಗೆದದ್ದನ್ನು ಮರಳಿ ತೆರೆದು ಪರೀಕ್ಷಿಸಿದ್ದೀರಾ, ಸರ್ವರ್ ಕೋಣೆಗೆ ಯಾರು ಹೋಗಿ ಬಂದರು ಎಂಬ ದಾಖಲೆ ಎಲ್ಲಿದೆ, ಹೀಗೆ. ವೋಚರ್ ಇಲ್ಲದೆ ಖರ್ಚು ಒಪ್ಪದ ಲೆಕ್ಕಪರಿಶೋಧಕರ ಮನಸ್ಸೇ ಇಲ್ಲೂ ಬೇಕು. ಅದರ ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023 ಮತ್ತು ಸೈಬರ್ ದಾಳಿಗಳನ್ನು ನಿಭಾಯಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲಿನಲ್ಲಿ ಹೊರಡಿಸಿದ ನಿರ್ದೇಶನಗಳನ್ನು ಓದಿಕೊಳ್ಳಲಿ. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು (ಕಂಪ್ಯೂಟರಿನ ಚಟುವಟಿಕೆಯ ದಾಖಲೆ) 180 ದಿನ ಇಟ್ಟುಕೊಳ್ಳಬೇಕು ಎಂಬುದು ಆ ನಿರ್ದೇಶನದಲ್ಲೇ ಇದೆ. ಸಂದರ್ಶನದಲ್ಲಿ ಈ ಎರಡು ಅಂಕಿ ಗೊತ್ತಿಲ್ಲದ ಎಂಜಿನಿಯರ್‌ಗಳೂ ಇರುತ್ತಾರೆ.

ಬಿಸಿಎಯಲ್ಲಿ ತೆಳುವಾಗಿರುವುದು ಗಣಿತ ಮತ್ತು ಆಪರೇಟಿಂಗ್ ಸಿಸ್ಟಂನ ಒಳಗು. ಎರಡನ್ನೂ ಐಐಟಿಗಳ ಆನ್‌ಲೈನ್ ಎನ್‌ಪಿಟೆಲ್ ಪಾಠಗಳಿಂದ ತುಂಬಿಕೊಳ್ಳಬಹುದು. ನೋಡಲು ಶುಲ್ಕವಿಲ್ಲ, ಪರೀಕ್ಷೆ ಬರೆಯುವುದಾದರೆ ಮಾತ್ರ ಕಟ್ಟಬೇಕು. ಡಿಜಿಟಲ್ ಫೊರೆನ್ಸಿಕ್ ಕಡೆ ಒಲವಿದ್ದರೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿನ ಪ್ರವೇಶ ಪ್ರಕಟಣೆಯನ್ನೂ ಗಮನಿಸಿ.

ಪ್ರಶ್ನೆ: ‘ಮೂರೇ ತಿಂಗಳಲ್ಲಿ ಎಥಿಕಲ್ ಹ್ಯಾಕರ್, ಶೇ 100 ಕೆಲಸದ ಗ್ಯಾರಂಟಿ’ ಎಂಬ ಕೋರ್ಸಿಗೆ ಸೇರಬಹುದೇ?
– ಬಿಎಸ್‌ಸಿ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ಬೇಡ. ಗ್ಯಾರಂಟಿ ಎಂಬ ಪದವನ್ನು ರಸೀದಿಯ ಹಿಂದೆ ಬರೆದು ಸಹಿ ಮಾಡಿಕೊಡಿ ಎಂದು ಕೇಳಿ ನೋಡಿ.

ಪ್ರಶ್ನೆ: ಗಣಿತವೆಂದರೆ ಭಯ. ಕ್ರಿಪ್ಟೋಗ್ರಫಿ ದಾಟಲು ಎಷ್ಟು ಗಣಿತ ಬೇಕು?
– ಎರಡನೇ ಸೆಮಿಸ್ಟರ್ ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಪದವಿ ಮಟ್ಟದಲ್ಲಿ ಬೇಕಾಗಿರುವುದು ಕ್ಯಾಲ್ಕುಲಸ್ ಅಲ್ಲ, ಭಾಗಾಕಾರದ ಶೇಷ. ಗಡಿಯಾರದಲ್ಲಿ 10 ಗಂಟೆಗೆ 5 ಸೇರಿಸಿದರೆ 3 ಎನ್ನುತ್ತೇವಲ್ಲ, ಅದೇ ಮಾಡ್ಯುಲರ್ ಅಂಕಗಣಿತ. ಸಂದೇಶವನ್ನು ಗುಟ್ಟಾಗಿ ಕಳಿಸುವ ಆರ್‌ಎಸ್‌ಎ ವಿಧಾನವನ್ನು ಒಮ್ಮೆ ಕೈಯಲ್ಲೇ ಮಾಡಿ ನೋಡಿ, ಹತ್ತು ನಿಮಿಷದ ಕೆಲಸ.

ಎರಡು ಅವಿಭಾಜ್ಯ ಸಂಖ್ಯೆ ತೆಗೆದುಕೊಳ್ಳಿ: 3 ಮತ್ತು 11. ಗುಣಿಸಿದರೆ 33. ಎರಡರಿಂದಲೂ ಒಂದೊಂದು ಕಳೆದು ಗುಣಿಸಿದರೆ 2 × 10 = 20. ಈಗ 20ರ ಜೊತೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಯೊಂದನ್ನು ಬಹಿರಂಗ ಕೀಲಿಯಾಗಿ ಆರಿಸಿ: 3. ಅದನ್ನು ಯಾವುದರಿಂದ ಗುಣಿಸಿ 20ರಿಂದ ಭಾಗಿಸಿದರೆ 1 ಶೇಷ ಉಳಿಯುತ್ತದೆ? 3 × 7 = 21, ಶೇಷ 1. ಹಾಗಾಗಿ 7 ನಿಮ್ಮ ಗುಟ್ಟಿನ ಕೀಲಿ. ಕಳಿಸಬೇಕಾದ ಸಂದೇಶ 4 ಎಂದಿಟ್ಟುಕೊಳ್ಳಿ. 4ರ ಘನ 64. 33ರಿಂದ ಭಾಗಿಸಿದರೆ ಶೇಷ 31. ದಾರಿಯಲ್ಲಿ ಹೋಗುವುದು ಈ 31. ಅದನ್ನು ಪಡೆದವರು 31ರ ಏಳನೇ ಘಾತ ತೆಗೆದು 33ರಿಂದ ಭಾಗಿಸಬೇಕು. ದೊಡ್ಡ ಸಂಖ್ಯೆಗೆ ಹೆದರಬೇಡಿ. 33ರ ಲೆಕ್ಕದಲ್ಲಿ 31 ಎಂದರೆ ಮೈನಸ್ 2. ಮೈನಸ್ 2ರ ಏಳನೇ ಘಾತ ಮೈನಸ್ 128. ಅದಕ್ಕೆ 132 ಸೇರಿಸಿದರೆ 4. ಸಂದೇಶ ಮರಳಿ ಬಂತು.

ಇಲ್ಲಿ 33ನ್ನು ಯಾರಾದರೂ 3 ಮತ್ತು 11 ಎಂದು ಒಡೆಯಬಲ್ಲರು. ನಿಜವಾದ ಬಳಕೆಯಲ್ಲಿ ಆ ಸಂಖ್ಯೆ 2048 ಬಿಟ್, ಅಂದರೆ ಆರುನೂರಕ್ಕೂ ಹೆಚ್ಚು ಅಂಕಿಯದು. ಅದನ್ನು ಒಡೆಯಲಾಗದು ಎಂಬ ಒಂದೇ ಆಧಾರದ ಮೇಲೆ ಬೀಗ ನಿಂತಿದೆ. ಪರೀಕ್ಷೆಯಲ್ಲಿ ಹೆಚ್ಚಿನವರು ತಪ್ಪುವುದು ಎಲ್ಲಿ ಗೊತ್ತೇ? ಗುಟ್ಟಿನ ಕೀಲಿ ಹುಡುಕುವಾಗ 20ರ ಬದಲು 33ರಿಂದ ಭಾಗಿಸಿಬಿಡುತ್ತಾರೆ. ಕೀಲಿ ಹುಡುಕಲು 20, ಸಂದೇಶಕ್ಕೆ 33.

ಪ್ರಶ್ನೆ: ಲ್ಯಾಪ್‌ಟಾಪ್ ಕೊಳ್ಳಬೇಕು. ಮನೆಯಲ್ಲೇ ಅಭ್ಯಾಸಕ್ಕೆ ಲ್ಯಾಬ್ ಮಾಡಿಕೊಳ್ಳಲು ಏನೇನು ಬೇಕು? ಸೀನಿಯರ್‌ಗಳು ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಎನ್ನುತ್ತಾರೆ.
– ಮೊದಲ ವರ್ಷದ ವಿದ್ಯಾರ್ಥಿ, ಉಡುಪಿ

ಉತ್ತರ: ಗ್ರಾಫಿಕ್ಸ್ ಕಾರ್ಡಿಗೆ ಹಣ ಸುರಿಯಬೇಡಿ; ಅದನ್ನು ರ‍್ಯಾಮ್‌ಗೆ ಹಾಕಿ. 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಸಾಕು. 8 ಜಿಬಿಯಲ್ಲಿ ಶುರು ಮಾಡಿದರೆ ಎರಡು ವರ್ಚುವಲ್ ಮಷಿನ್ ಒಟ್ಟಿಗೆ ಎದ್ದಾಗ ಬ್ರೌಸರ್ ತೆರೆಯಲೂ ಆಗುವುದಿಲ್ಲ. ಕೊಳ್ಳುವ ಮೊದಲು ರ‍್ಯಾಮ್ ಹೆಚ್ಚಿಸಲು ಸ್ಲಾಟ್ ಇದೆಯೇ ಎಂದು ಕೇಳಿ. ಎಷ್ಟೋ ತೆಳು ಮಾದರಿಗಳಲ್ಲಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆಪಲ್‌ನ ಎಂ ಸರಣಿಯ ಮ್ಯಾಕ್ ಒಳ್ಳೆಯ ಯಂತ್ರವೇ. ಆದರೆ ಅಭ್ಯಾಸಕ್ಕೆ ಸಿಗುವ ಹಳೆಯ ಇಮೇಜುಗಳು (ಸಿದ್ಧ ವರ್ಚುವಲ್ ಮಷಿನ್ ಫೈಲುಗಳು) ಇಂಟೆಲ್ ಬಗೆಯ ಪ್ರೊಸೆಸರಿಗೆ ಮಾಡಿದವು. ಮ್ಯಾಕ್‌ನಲ್ಲಿ ಎಮ್ಯುಲೇಷನ್ ಮಾಡಿದರೆ ಕುಂಟುತ್ತವೆ.

ಲ್ಯಾಬಿಗೆ ಬೇಕಾದ ಮೂರೂ ಉಚಿತ: ವರ್ಚುವಲ್ ಮಷಿನ್ ಓಡಿಸುವ ವರ್ಚುವಲ್‌ಬಾಕ್ಸ್, ಸೆಕ್ಯುರಿಟಿ ಪರೀಕ್ಷೆಯ ಸಲಕರಣೆಗಳಿರುವ ಕಾಲಿ ಲಿನಕ್ಸ್, ಮತ್ತು ಬೇಕೆಂದೇ ತೂತುಗಳನ್ನು ಬಿಟ್ಟು ಕಟ್ಟಿದ ಮೆಟಾಸ್ಪ್ಲಾಯ್ಟಬಲ್ 2. ಮೊದಲು ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಕೆಳಗೆ ‘ವರ್ಚುವಲೈಸೇಷನ್: ಎನೇಬಲ್ಡ್’ ಎಂದಿದೆಯೇ ನೋಡಿ. ಇಲ್ಲದಿದ್ದರೆ ಬಯಾಸ್ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್ಸ್) ಒಳಗೆ ಹೋಗಿ ಆನ್ ಮಾಡಬೇಕು. ಇಂಟೆಲ್‌ನಲ್ಲಿ ಅದರ ಹೆಸರು ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ. ಆನ್ ಇದ್ದೂ ಮಷಿನ್ ತೆವಳುತ್ತಿದ್ದರೆ ವರ್ಚುವಲ್‌ಬಾಕ್ಸ್ ಕಿಟಕಿಯ ಕೆಳಗಿನ ಪಟ್ಟಿಯಲ್ಲಿ ಹಸಿರು ಆಮೆಯ ಚಿತ್ರ ಇದೆಯೇ ನೋಡಿ. ವಿಂಡೋಸಿನದೇ ವರ್ಚುವಲ್ ಮಷಿನ್ ವ್ಯವಸ್ಥೆ ಹೈಪರ್-ವಿ ದಾರಿಗೆ ಅಡ್ಡ ನಿಂತಿದೆ ಎಂದು ಅದರರ್ಥ.

ಕಾಲಿ ಲಿನಕ್ಸ್‌ಗೆ 2ರಿಂದ 4 ಜಿಬಿ ರ‍್ಯಾಮ್, ಮೆಟಾಸ್ಪ್ಲಾಯ್ಟಬಲ್‌ಗೆ 1 ಜಿಬಿ ಕೊಡಿ. ಎರಡನೆಯದು ತಯಾರಾದ ಡಿಸ್ಕ್ ಫೈಲಾಗಿ ಬರುತ್ತದೆ. ಹೊಸ ಮಷಿನ್ ಮಾಡುವಾಗ ‘ಈಗಿರುವ ಹಾರ್ಡ್‌ಡಿಸ್ಕ್ ಬಳಸು’ ಎಂಬ ಆಯ್ಕೆಯಲ್ಲಿ ಆ ಫೈಲನ್ನು ತೋರಿಸಿ. ಇನ್‌ಸ್ಟಾಲ್ ಮಾಡುವ ಐಎಸ್‌ಒ ಫೈಲನ್ನು ಹುಡುಕುತ್ತಾ ಕೂರಬೇಡಿ. ಲಾಗಿನ್ ಹೆಸರು, ಪಾಸ್‌ವರ್ಡ್ ಎರಡೂ ‘ಎಂಎಸ್‌ಎಫ್‌ಅಡ್ಮಿನ್’ (msfadmin).

ನೆಟ್‌ವರ್ಕ್ ಜೋಡಣೆಯಲ್ಲೇ ಎಲ್ಲರೂ ಎಡವುವುದು. ಮೆಟಾಸ್ಪ್ಲಾಯ್ಟಬಲ್‌ಗೆ ಹೋಸ್ಟ್-ಓನ್ಲಿ (ಲ್ಯಾಪ್‌ಟಾಪಿನೊಳಗಷ್ಟೇ ಇರುವ ಜಾಲ) ಅಡಾಪ್ಟರ್ ಒಂದೇ ಇರಲಿ. ಕಾಲಿಗೆ ಎರಡು: ಇಂಟರ್ನೆಟ್ಟಿಗೆ ನ್ಯಾಟ್, ಅಭ್ಯಾಸಕ್ಕೆ ಹೋಸ್ಟ್-ಓನ್ಲಿ. ಬ್ರಿಜ್ಡ್ ಆಯ್ಕೆಯನ್ನು ಮುಟ್ಟಲೇಬೇಡಿ. ಮುಟ್ಟಿದರೆ ನಿಮ್ಮ ತೂತಿನ ಮಷಿನ್ ಹಾಸ್ಟೆಲಿನ ವೈ-ಫೈ ಮೇಲೆ ಎಲ್ಲರಿಗೂ ಕಾಣುತ್ತದೆ. ನೀವು ಕಲಿಯುವ ಮೊದಲೇ ಪಕ್ಕದ ರೂಮಿನವರು ಒಳಗೆ ಕೂತಿರುತ್ತಾರೆ. ಎರಡೂ ಮಷಿನ್‌ಗೆ 192.168.56 ಎಂದು ಶುರುವಾಗುವ ವಿಳಾಸ ಬಂದಿದ್ದು, ಒಂದರಿಂದ ಇನ್ನೊಂದಕ್ಕೆ ಪಿಂಗ್ (ಸಂಪರ್ಕ ಪರೀಕ್ಷಿಸುವ ಆಜ್ಞೆ) ಹೋದರೆ ಜೋಡಣೆ ಸರಿ. ಕ್ಲೋನ್ ಮಾಡಿದ ಮಷಿನ್‌ಗಳಿಗೆ ಒಂದೇ ಮ್ಯಾಕ್ ವಿಳಾಸ (ನೆಟ್‌ವರ್ಕ್ ಅಡಾಪ್ಟರಿನ ಗುರುತು ಸಂಖ್ಯೆ) ಉಳಿದುಬಿಟ್ಟರೆ ಪಿಂಗ್ ಒಮ್ಮೆ ಹೋಗುತ್ತದೆ, ಒಮ್ಮೆ ಇಲ್ಲ; ಸೆಟ್ಟಿಂಗ್ಸ್‌ನಲ್ಲಿ ಹೊಸ ವಿಳಾಸ ಹುಟ್ಟಿಸಿ. ಆಮೇಲೆ ಎರಡರದ್ದೂ ಸ್ನ್ಯಾಪ್‌ಶಾಟ್ (ಕೆಟ್ಟರೆ ಮರಳಬಹುದಾದ ಈಗಿನ ಸ್ಥಿತಿಯ ಪ್ರತಿ) ತೆಗೆದಿಡಿ.

ಮೊದಲ ಪಾಠಕ್ಕೆ ಕಾಲಿಯಿಂದ, ತೆರೆದ ಪೋರ್ಟ್‌ಗಳನ್ನು (ಸೇವೆಗಳ ಬಾಗಿಲು ಸಂಖ್ಯೆ) ಹುಡುಕುವ ಎನ್‌ಮ್ಯಾಪ್‌ನಲ್ಲಿ ಆವೃತ್ತಿ ಹುಡುಕುವ ಸ್ಕ್ಯಾನ್ ಮಾಡಿ. 21ನೇ ಪೋರ್ಟಿನಲ್ಲಿ ಫೈಲ್ ಸಾಗಿಸುವ ಎಫ್‌ಟಿಪಿ ಸೇವೆಯ ತಂತ್ರಾಂಶ ವಿಎಸ್‌ಎಫ್‌ಟಿಪಿಡಿ 2.3.4 ಎಂದು ಬರುತ್ತದೆ. 2011ರಲ್ಲಿ ಈ ತಂತ್ರಾಂಶದ ಡೌನ್‌ಲೋಡ್ ಫೈಲಿಗೆ ಯಾರೋ ಕಳ್ಳಬಾಗಿಲು ಸೇರಿಸಿದ್ದರು. ಬಳಕೆದಾರ ಹೆಸರಿನ ಕೊನೆಗೆ ನಗುಮುಖದ ಗುರುತು, ಅಂದರೆ ಕೋಲನ್ ಮತ್ತು ಮುಚ್ಚುವ ಆವರಣ, ಹಾಕಿ ಲಾಗಿನ್ ಆಗಲು ಹೋದರೆ 6200ನೇ ಪೋರ್ಟ್ ತೆರೆದುಕೊಳ್ಳುತ್ತದೆ. ಸಿದ್ಧ ಹತ್ಯಾರು ಓಡಿಸಿ ‘ಬಂತು’ ಎಂದು ಕುಣಿಯುವ ಬದಲು ನೆಟ್‌ವರ್ಕ್‌ನ ಪ್ಯಾಕೆಟ್ ತೋರಿಸುವ ವೈರ್‌ಶಾರ್ಕ್ ತೆರೆದಿಟ್ಟುಕೊಂಡು ಇದನ್ನು ಕೈಯಿಂದ ಮಾಡಿ. ಎಫ್‌ಟಿಪಿಗೆ ಗೂಢಲಿಪೀಕರಣ ಇಲ್ಲದ್ದರಿಂದ ಆ ನಗುಮುಖ ಪ್ಯಾಕೆಟ್ಟಿನಲ್ಲಿ ಹಾಗೇ ಕಾಣುತ್ತದೆ. ದಾಳಿ ಹೇಗಾಗುತ್ತದೆ, ಅದನ್ನು ಎಲ್ಲಿ ನಿಂತು ಹಿಡಿಯಬಹುದು ಎಂಬ ಎರಡೂ ಪಾಠ ಅಲ್ಲೇ ಇದೆ.

ವೆಬ್ ಕಡೆಗೆ ಪೋರ್ಟ್‌ಸ್ವಿಗರ್‌ನ ವೆಬ್ ಸೆಕ್ಯುರಿಟಿ ಅಕಾಡೆಮಿ, ಲಿನಕ್ಸ್ ಕೈಗೆ ಹತ್ತಲು ಓವರ್‌ದವೈರ್‌ನ ಬ್ಯಾಂಡಿಟ್ ಆಟ, ಎರಡೂ ಉಚಿತ.

ಪ್ರಶ್ನೆ: ನಮ್ಮ ಕಾಲೇಜಿನ ವೆಬ್‌ಸೈಟಿನಲ್ಲಿ ದೋಷವಿದೆ ಎಂಬ ಅನುಮಾನ. ಕೆಟ್ಟ ಉದ್ದೇಶವಿಲ್ಲ, ಪರೀಕ್ಷಿಸಿ ಹೇಳಿದರೆ ತಪ್ಪೇ?
– ಮೂರನೇ ಸೆಮಿಸ್ಟರ್, ತುಮಕೂರು

ಉತ್ತರ: ಅನುಮತಿ ಇಲ್ಲದೆ ಪರೀಕ್ಷಿಸಿದರೆ ತಪ್ಪು. ಲಾಗಿನ್ ಪೆಟ್ಟಿಗೆಯಲ್ಲಿ ಒಂದು ಉದ್ಧರಣ ಚಿಹ್ನೆ ಹಾಕಿ ಎಂಟರ್ ಒತ್ತುವುದೂ ಪರೀಕ್ಷೆಯೇ. ಮಾಲೀಕರ ಒಪ್ಪಿಗೆ ಇಲ್ಲದೆ ಕಂಪ್ಯೂಟರ್ ವ್ಯವಸ್ಥೆಗೆ ಕೈ ಹಾಕುವುದು ಐಟಿ ಕಾಯ್ದೆಯ ಸೆಕ್ಷನ್ 43ರಲ್ಲಿ ಬರುತ್ತದೆ, ಪರಿಹಾರ ಕೊಡಬೇಕಾಗುತ್ತದೆ. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದ್ದೆಂದು ಸಾಬೀತಾದರೆ ಸೆಕ್ಷನ್ 66: ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸರ್ಕಾರ ‘ಸಂರಕ್ಷಿತ ವ್ಯವಸ್ಥೆ’ ಎಂದು ಘೋಷಿಸಿದ ಕಂಪ್ಯೂಟರುಗಳಿಗಾದರೆ ಸೆಕ್ಷನ್ 70ರಡಿ ಪ್ರಯತ್ನಪಟ್ಟದ್ದಕ್ಕೂ ಹತ್ತು ವರ್ಷದವರೆಗೆ ಶಿಕ್ಷೆ ಇದೆ. ‘ಕಲಿಯಲು ಮಾಡಿದೆ’ ಎಂಬುದನ್ನು ನೀವು ಠಾಣೆಯಲ್ಲಿ ವಿವರಿಸುತ್ತಾ ಕೂರಬೇಕಾಗುತ್ತದೆ.

ಮಾಡಲೇಬೇಕೆಂದರೆ ಪ್ರಿನ್ಸಿಪಾಲರಿಂದ ಲಿಖಿತ ಅನುಮತಿ ಪಡೆಯಿರಿ. ಅದರಲ್ಲಿ ಯಾವ ವಿಳಾಸ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಯಾವ ಪರೀಕ್ಷೆ ಮಾಡಬಹುದು, ಯಾವುದು ಕೂಡದು, ಸೈಟ್ ಬಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಬರೆದಿರಬೇಕು. ಬಾಯಿಮಾತಿನ ‘ಹೂಂ, ಮಾಡ್ರಪ್ಪಾ’ ಲೆಕ್ಕಕ್ಕಿಲ್ಲ. ಸೈಟು ಹೊರಗಿನ ಹೋಸ್ಟಿಂಗ್ ಕಂಪನಿಯ ಸರ್ವರಿನಲ್ಲಿದ್ದರೆ ಪ್ರಿನ್ಸಿಪಾಲರ ಸಹಿ ಆ ಸರ್ವರಿಗೆ ಅನ್ವಯಿಸುವುದಿಲ್ಲ. ಪರೀಕ್ಷಿಸದೆಯೇ ಕಣ್ಣಿಗೆ ಬಿದ್ದ ದೋಷವನ್ನು ಸರ್ಟ್-ಇನ್‌ಗೆ ತಿಳಿಸುವ ದಾರಿಯೂ ಇದೆ.

ಪ್ರಶ್ನೆ: ಸಿಇಎಚ್, ಸೆಕ್ಯುರಿಟಿ ಪ್ಲಸ್, ಒಎಸ್‌ಸಿಪಿ, ಸಿಐಎಸ್‌ಎಸ್‌ಪಿ. ಈ ಸೆಕ್ಯುರಿಟಿ ಸರ್ಟಿಫಿಕೇಟ್ ಪರೀಕ್ಷೆಗಳಲ್ಲಿ ಪದವಿ ಮುಗಿಯುವುದರೊಳಗೆ ಯಾವುದು?
– ಐದನೇ ಸೆಮಿಸ್ಟರ್, ಮೈಸೂರು

ಉತ್ತರ: ಸಿಐಎಸ್‌ಎಸ್‌ಪಿ ಪೂರ್ತಿಯಾಗಿ ಪಡೆಯಲು ಐದು ವರ್ಷದ ಅನುಭವ ಬೇಕು, ಪದವಿಗೆ ಒಂದು ವರ್ಷ ವಿನಾಯಿತಿ. ಈಗ ಮರೆತುಬಿಡಿ. ಕಾಂಪ್‌ಟಿಯಾದ ಸೆಕ್ಯುರಿಟಿ ಪ್ಲಸ್ 90 ನಿಮಿಷದಲ್ಲಿ ಗರಿಷ್ಠ 90 ಪ್ರಶ್ನೆಯದು, 900ಕ್ಕೆ 750 ಬಂದರೆ ಪಾಸು. ಆರನೇ ಸೆಮಿಸ್ಟರಿನ ರಜೆಗೆ ಇದು ಹೊಂದುತ್ತದೆ. ಸಿಇಎಚ್‌ನ 125 ಪ್ರಶ್ನೆಗಳೂ ಬಹು ಆಯ್ಕೆಯವು. ಇಲ್ಲಿನ ಜಾಹೀರಾತುಗಳಲ್ಲಿ ಹೆಸರಿರುವುದರಿಂದ ಜನ ಮಾಡುತ್ತಾರೆ, ಖರ್ಚಿಗೆ ತಕ್ಕ ಕಲಿಕೆ ಕಡಿಮೆ ಎಂಬುದು ನಮ್ಮ ಅಭಿಪ್ರಾಯ. ಒಎಸ್‌ಸಿಪಿ ಬೇರೆಯದೇ ಜಾತಿ. 23 ಗಂಟೆ 45 ನಿಮಿಷ ನಿಜವಾದ ಮಷಿನ್‌ಗಳನ್ನು ಭೇದಿಸಬೇಕು, ಬಳಿಕ 24 ಗಂಟೆಯೊಳಗೆ ವರದಿ ಬರೆದು ಕಳಿಸಬೇಕು. 100ಕ್ಕೆ 70 ಬೇಕು. ವರದಿಯಲ್ಲಿ ಸ್ಕ್ರೀನ್‌ಶಾಟ್ ಬಿಟ್ಟುಹೋದರೆ ಭೇದಿಸಿದ ಮಷಿನ್ನಿನ ಅಂಕವೂ ಹೋಗುತ್ತದೆ. ಶುಲ್ಕ ಡಾಲರಿನಲ್ಲಿ. ಕೆಲಸಕ್ಕೆ ಸೇರಿದ ಮೇಲೆ ಕಂಪನಿಯ ಖರ್ಚಿನಲ್ಲಿ ಬರೆಯುವುದು ಜಾಣತನ.

ಪ್ರಶ್ನೆ: ಮಗಳಿಗೆ ‘ಸಾಕ್ ಅನಲಿಸ್ಟ್’ ಕೆಲಸ ಸಿಕ್ಕಿದೆ, ರಾತ್ರಿ ಪಾಳಿಯೂ ಇದೆಯಂತೆ. ಅಲ್ಲಿ ಏನು ಕೆಲಸ? ಭವಿಷ್ಯವಿದೆಯೇ?
– ತಾಯಿ, ಬೆಳಗಾವಿ

ಉತ್ತರ: ಸಾಕ್ ಎಂದರೆ ದಾಳಿಗಳ ಮೇಲೆ ಇಪ್ಪತ್ನಾಲ್ಕು ಗಂಟೆ ಕಣ್ಣಿಟ್ಟಿರುವ ಕೇಂದ್ರ. ಹಾಗಾಗಿ ಪಾಳಿ ತಪ್ಪಿದ್ದಲ್ಲ. ರಾತ್ರಿ ಹೋಗಿ ಬರಲು ಕಂಪನಿಯ ಕ್ಯಾಬ್ ಇದೆಯೇ, ಪಾಳಿ ವಾರಕ್ಕೊಮ್ಮೆ ಬದಲೋ ತಿಂಗಳಿಗೊಮ್ಮೆಯೋ ಎಂದು ಸೇರುವ ಮೊದಲೇ ಅವಳು ಕೇಳಲಿ.

ಕೆಲಸದ ಒಂದು ತುಣುಕು ಹೇಳುತ್ತೇವೆ. ನಡುರಾತ್ರಿ ಪರದೆಯ ಮೇಲೆ ವಿಂಡೋಸ್ ಸರ್ವರೊಂದರಿಂದ 4625 ಎಂಬ ಸಂಖ್ಯೆಯ ದಾಖಲೆ ಸಾಲಾಗಿ ಬರುತ್ತದೆ: ಲಾಗಿನ್ ವಿಫಲ. ಅವು ಒಂದೇ ಹೆಸರಿನಲ್ಲಿ, ಗಡಿಯಾರ ಇಟ್ಟಂತೆ ಐದೈದು ನಿಮಿಷಕ್ಕೆ ಬರುತ್ತಿದ್ದರೆ ಪಾಸ್‌ವರ್ಡ್ ಬದಲಿಸಿದವರು ಯಾವುದೋ ಪ್ರೋಗ್ರಾಮಿನಲ್ಲಿ ಹಳೆಯದನ್ನೇ ಬಿಟ್ಟಿರುವ ಸಂಭವ ಹೆಚ್ಚು. ಒಂದೇ ಹೊರ ವಿಳಾಸದಿಂದ ಹೆಸರುಗಳು ಬದಲಾಗುತ್ತಾ ಬರುತ್ತಿದ್ದರೆ ಯಾರೋ ಊಹಿಸಿ ಬಾಗಿಲು ತಟ್ಟುತ್ತಿದ್ದಾರೆ. ನಡುವೆ ಅದೇ ವಿಳಾಸದಿಂದ ಒಂದು 4624 (ಲಾಗಿನ್ ಯಶಸ್ವಿ) ಬಂತೋ, ಬಾಗಿಲು ತೆರೆದಿದೆ ಎಂದರ್ಥ. ಅದರಲ್ಲಿ ಲಾಗಿನ್ ಟೈಪ್ 10 ಇದ್ದರೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಬಂದಿದ್ದಾರೆ. ಹೊಸಬರು ಇಲ್ಲಿ ಮಾಡುವ ತಪ್ಪೆಂದರೆ ಟೈಪ್ 10 ಮಾತ್ರ ಸೋಸಿ ನೋಡುವುದು. ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಷನ್ (ಪರದೆ ತೆರೆಯುವ ಮೊದಲೇ ಗುರುತು ಪರೀಕ್ಷೆ) ಇರುವ ಸರ್ವರಿನಲ್ಲಿ ವಿಫಲ ಯತ್ನಗಳು ಟೈಪ್ 3 (ನೆಟ್‌ವರ್ಕ್ ಲಾಗಿನ್) ಎಂದು ದಾಖಲಾಗುತ್ತವೆ, ಕಣ್ತಪ್ಪಿ ಹೋಗುತ್ತವೆ.

ಮೊದಲ ಹಂತದಲ್ಲಿ ಒಂದೂವರೆ, ಎರಡು ವರ್ಷ ಇದ್ದು ಪೈಥಾನ್ ಮತ್ತು ಕ್ಲೌಡ್ ಲಾಗ್‌ಗಳನ್ನು ಕಲಿತರೆ ಮೇಲಿನ ತನಿಖೆಯ ಕೆಲಸಕ್ಕೆ ಹೋಗಬಹುದು. ಬರೀ ಟಿಕೆಟ್ (ಬಂದ ಎಚ್ಚರಿಕೆಯ ದಾಖಲೆ) ಮುಚ್ಚುತ್ತಾ ಕೂತರೆ ಅಲ್ಲೇ ಉಳಿಯುತ್ತಾರೆ. ಆ ಕೆಲಸವನ್ನು ಯಂತ್ರಗಳೇ ಮಾಡತೊಡಗಿವೆ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರುತ್ತಿದ್ದೇನೆ. ಇಂಗ್ಲಿಷಿನಿಂದ ಹಿಂದೆ ಬೀಳುತ್ತೇನೆಯೇ?
– ಡಿಸಿಇಟಿ ಅಭ್ಯರ್ಥಿ, ಚಿತ್ರದುರ್ಗ

ಉತ್ತರ: ಮಾತಿಗಿಂತ ವರದಿ ಬರೆಯುವಾಗ ತೊಡಕಾಗುತ್ತದೆ. ವಿಷಯವನ್ನು ಕನ್ನಡದಲ್ಲೇ ಅರ್ಥಮಾಡಿಕೊಳ್ಳಿ, ಗೆಳೆಯರಿಗೆ ಕನ್ನಡದಲ್ಲೇ ವಿವರಿಸಿ. ಆದರೆ ಲ್ಯಾಬ್ ಮಾಡಿದ ದಿನ ಇಂಗ್ಲಿಷಿನಲ್ಲಿ ನಾಲ್ಕೇ ವಾಕ್ಯ ಬರೆಯಿರಿ: ಏನು ಕಂಡಿತು, ಮತ್ತೆ ಮಾಡಿ ತೋರಿಸುವುದು ಹೇಗೆ, ಇದರಿಂದ ಏನು ಹಾನಿ, ಸರಿಪಡಿಸುವುದು ಹೇಗೆ. ಕಂಪನಿಗಳ ವರದಿಯ ಅಸ್ಥಿಪಂಜರವೂ ಇಷ್ಟೇ. ಡಿಪ್ಲೊಮಾದಿಂದ ಬಂದವರಿಗೆ ನಿಜವಾಗಿ ಪೆಟ್ಟು ಕೊಡುವುದು ಗಣಿತ. ಬ್ರಿಜ್ ಕೋರ್ಸಿನ ಗಣಿತವನ್ನು ಹಾಜರಿಗಷ್ಟೇ ಎಂದು ಬಿಟ್ಟುಬಿಡಬೇಡಿ. ಇಂಟರ್ನ್‌ಷಿಪ್ ಹುಡುಕುವಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ, ರಾಜ್ಯ ಸರ್ಕಾರದ ಸೈಬರ್ ಭದ್ರತಾ ಉತ್ಕೃಷ್ಟತಾ ಕೇಂದ್ರ ‘ಸೈಸೆಕ್’ ಪ್ರಕಟಣೆಗಳ ಮೇಲೂ ಕಣ್ಣಿಡಿ.